ಎಡಗೈಲಿ ಇವತ್ತಿನ ಪೇಪರ್

ಅವರ ಬಲಗೈಯ ತೋರುಬೆರಳು, ನಡುಬೆರಳುಗಳ ತುದಿ ಕಂದು ಬಣ್ಣಕ್ಕೆ ತಿರುಗಿ ಹಾಗೇ ನಿಂತುಬಿಟ್ಟಿತ್ತು. ಡಾರ್ಕ್‌ರೂಮಿನ ಕಾಲದ ಕೆಮಿಕಲ್ ಕಲೆ. ಡಾರ್ಕ್‌ರೂಮ್ ಹೋಗಿ ಅಲ್ಲಿ ಝೆರಾಕ್ಸ್ ಮೆಷಿನ್ ಬಂದು ಕೂತು ಎಷ್ಟೋ ವರ್ಷಗಳಾದರೂ ಕಲೆ ಮಾತ್ರ ಹೋಗಿರಲಿಲ್ಲ. ಫೋಟೋ ತೆಗೆಸಿಕೊಳ್ಳಲು ಸ್ಟೂಲಿನ ಮೇಲೆ ಕೂತವರ ಗದ್ದವನ್ನು ಆ ಎರಡು ಬೆರಳಿನಿಂದ ಒಂದಿಷ್ಟೇ ಎತ್ತಿ, “ಗದ್ದ ಒಸಿ ಮೇಲೆ” ಎನ್ನುತ್ತಿದ್ದರು. ಹೆಂಗಸರಾದರೆ ಮುಟ್ಟುತ್ತಿರಲಿಲ್ಲ. ಗದ್ದದಿಂದ ಒಂದಂಗುಲ ಕೆಳಗೆ, ಗಾಳಿಯಲ್ಲೇ ಬೆರಳೆತ್ತುತ್ತಿದ್ದರು. ಗದ್ದ ತಾನಾಗಿ ಏಳುತ್ತಿತ್ತು.

ಟಿ. ದಾಸರಹಳ್ಳಿಯಲ್ಲಿ, ಮೆಟ್ರೋ ಕಂಬಗಳಿಂದ ಒಂದು ಕ್ರಾಸ್ ಒಳಗೆ ಅವರ ಸ್ಟುಡಿಯೋ. ರೈಲು ಹೋದಾಗಲೆಲ್ಲ ಹಿಂದಿನ ನೀಲಿ ಪರದೆ ಸಣ್ಣಗೆ ನಡುಗುವುದು. “ಒಸಿ ತಡೀರಿ, ರೈಲ್ ಓಗ್ಲಿ” ಎಂದು ಕ್ಯಾಮೆರಾ ಹಿಡಿದು ಕಾಯುವರು. ಅವರದು ಅದೇ ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ಡುಗಳೆದ್ದಾಗ ಅಣ್ಣತಮ್ಮಂದಿರು ಬಾಡಿಗೆ ಮನೆ ಕಟ್ಟಿದರು, ಇವರು ಕ್ಯಾಮೆರಾ ಕೊಂಡರು. ನಾನು ಅವರನ್ನು “ಸ್ಟುಡಿಯೋ ಸಾರ್” ಎನ್ನುತ್ತಿದ್ದೆ. ಪೀಣ್ಯದ ಒಂದು ಫ್ಯಾಕ್ಟರಿ ಆಫೀಸಿನಲ್ಲಿ ಸ್ಟೆನೋ ಆಗಿದ್ದು ರಿಟೈರ್ ಆದ ನಾನು ಅವರಿಗೆ “ಮೇಡಮ್ಮ”.

ಸ್ಟುಡಿಯೋದಲ್ಲಿ ಒಂದೇ ಒಂದು ಕೋಟಿತ್ತು. ಕಡುನೀಲಿ, ಹಿತ್ತಾಳೆ ಗುಂಡಿಗಳದ್ದು, ಬಾಗಿಲ ಹಿಂದಿನ ಮೊಳೆಯಲ್ಲಿ ನುಸಿಗುಳಿಗೆಯ ವಾಸನೆ ಹರಡುತ್ತ ತೂಗುತ್ತಿತ್ತು. ದಿನವಿಡೀ ಲೇತ್ ಮುಂದೆ ನಿಲ್ಲುವ ಗಂಡಸರು ಹೆಣ್ಣಿನ ಮನೆಗೆ ಕಳಿಸುವ ಫೋಟೋಗೆ ಅದನ್ನೇ ತೊಟ್ಟುಕೊಳ್ಳುತ್ತಿದ್ದರು. ಎರಡನೆಯ ಗುಂಡಿ ಯಾವತ್ತೋ ಬಿದ್ದುಹೋಗಿ, ಅವರ ಹೆಂಡತಿ ಕೈಗೆ ಸಿಕ್ಕ ಕಪ್ಪು ಗುಂಡಿಯನ್ನು ಬಿಳಿ ದಾರದಲ್ಲಿ ಹೊಲಿದುಕೊಟ್ಟಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಆ ಕೋಟಿನದೇ ಒಂದು ಫೋಟೋ ತೆಗೆದಿಟ್ಟುಕೊಂಡರು. ಆಮೇಲೆ ಬದುಕಿದ್ದವರಿಗೂ ಸತ್ತವರಿಗೂ ಮೌಸಿನಲ್ಲೇ ಕೋಟು ತೊಡಿಸಲು ಶುರುಮಾಡಿದರು. ಗುಂಡಿಯನ್ನು ಮಾತ್ರ ಸರಿಮಾಡಲಿಲ್ಲ. “ಇರ್ಲಿ ಬಿಡಿ ಮೇಡಮ್ಮ, ನಮ್ಮನೆಯವ್ಳ ಕೆಲ್ಸ” ಎನ್ನುವರು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು.

ನನ್ನ ಯಜಮಾನರು ತೀರಿಕೊಂಡಾಗ ಹಾರ ಹಾಕುವ ಫೋಟೋ ದೊಡ್ಡದು ಮಾಡಿಕೊಟ್ಟವರೂ ಅವರೇ. “ಕೋಟ್ ಆಕ್ಲಾ? ಸಾಯೇಬ್ರಿಗೆ ಒಪ್ತದೆ” ಎಂದರು. ಬೇಡವೆಂದೆ. ನಮ್ಮವರು ಟೂಲ್‌ರೂಮಿನ ಮನುಷ್ಯ, ಖಾಕಿ ಶರ್ಟಿನಲ್ಲೇ ಪರ್ಫೆಕ್ಟ್ಲಿ ಹ್ಯಾಪಿ. ಶರ್ಟಿನ ಜೇಬಿನ ಮೇಲೊಂದು ಎಣ್ಣೆಯ ಕಲೆಯಿತ್ತು. ಅದನ್ನು ಅಳಿಸಲು ಹೊರಟವರು ನನ್ನ ಮುಖ ನೋಡಿ ಕೈ ತೆಗೆದರು. ಆ ಕಲೆ ಇವತ್ತಿಗೂ ನಮ್ಮ ಹಾಲ್‌ನಲ್ಲಿ ಇದೆ.

ಈಗ ಹೇಳಲು ನಾಚಿಕೆಯಾಗುವ ಸಂಗತಿ. ಆದರೆ ಇದನ್ನು ಹೇಳದೆ ಅವರ ಬಗ್ಗೆ ಬರೆಯುವುದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದ ಹಾಗೆ ಹಾಫ್ ಎ ಕನ್ಫೆಷನ್ ಆದೀತು.

ನಮಗೆ ಮಕ್ಕಳಿರಲಿಲ್ಲ. ಯಜಮಾನರು ಹೋಗಿ ಎಂಟನೆಯ ವರ್ಷ, ಫೋನಿನಲ್ಲಿ ಏನೋ ನೋಡುತ್ತ ಒಂದು ಜಾಹೀರಾತಿನ ತಾಣಕ್ಕೆ ಬಂದುಬಿಟ್ಟೆ. ಐವತ್ತು ದಾಟಿದವರು ಜೊತೆಗಾರರನ್ನು ಹುಡುಕಿಕೊಳ್ಳುವ ತಾಣ. ಅಲ್ಲಿ ಒಬ್ಬರು ಬರೆದಿದ್ದರು: ಹಡಗಿನ ನಿವೃತ್ತ ಕ್ಯಾಪ್ಟನ್, ವಿಧುರ, ಮಂಗಳೂರಿನ ಕಡಲ ದಂಡೆಯಲ್ಲಿ ಮನೆ, ಸಂಜೆ ವಾಕಿಂಗ್, ಹಳೆಯ ಇಂಗ್ಲಿಷ್ ಹಾಡುಗಳು, ಕಾನ್ವೆಂಟಿನಲ್ಲಿ ಓದಿದ ಸರಳ ಸ್ವಭಾವದ ಮಹಿಳೆಯ ಸ್ನೇಹ ಬೇಕು. ಪಕ್ಕದಲ್ಲಿ ಫೋಟೋ. ಅಗಲ ಹಣೆ, ಬೆಳ್ಳಿಗೂದಲು, ಸ್ವಲ್ಪ ತಬ್ಬಿಬ್ಬಾದಂಥ ನಗು, ನೀಲಿ ಬ್ಲೇಜರ್. ಎ ಮ್ಯಾನ್ ಆಫ್ ಟೇಸ್ಟ್ ಅಂದುಕೊಂಡೆ. ಮಾರನೆಯ ದಿನ ಎರಡು ಸಾಲು ಬರೆದೆ. ನಾಲ್ಕನೆಯ ದಿನ ನನ್ನದೊಂದು ಫೋಟೋ ಕಳಿಸಿದೆ, ರಿಟೈರ್‌ಮೆಂಟ್ ಪಾರ್ಟಿಯಲ್ಲಿ ತೆಗೆದದ್ದು, ಹಸಿರು ಸೀರೆಯದು.

ಮೂರು ತಿಂಗಳು ಪತ್ರ ಬಂದವು. ಪ್ರತಿಯೊಂದೂ “ಮೈ ಡಿಯರ್ ಲೇಡಿ” ಎಂದು ಶುರು. ಇವತ್ತು ಏನು ಅಡುಗೆ ಮಾಡಿದಿರಿ, ಮೊಣಕಾಲು ನೋವು ಹೇಗಿದೆ, ಸ್ಕೂಲಿನಲ್ಲಿ ಯಾವ ಹಾಡು ಹೇಳಿಕೊಡುತ್ತಿದ್ದರು. ಎಂಟು ವರ್ಷದಿಂದ ಯಾರೂ ಕೇಳದ ಪ್ರಶ್ನೆಗಳು. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. ಮನೆಯಲ್ಲಿ ನೋಡುವವರು ಯಾರೂ ಇಲ್ಲ, ಗೋಡೆಯ ಮೇಲಿನವರೊಬ್ಬರನ್ನು ಬಿಟ್ಟರೆ. ಆದರೂ ಫೋನ್ ಟಣ್ ಎಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅನ್ನದಿದ್ದರೆ ಇನ್ನೂ ಜೋರಾಗಿ.

ಒಂದು ಸೋಮವಾರ ಕ್ಯಾಪ್ಟನ್ ಬರೆದರು: ಶುಕ್ರವಾರ ವಕೀಲರು ಬರುತ್ತಿದ್ದಾರೆ, ಕಡಲ ಮನೆಗೆ ನಿಮ್ಮ ಹೆಸರನ್ನೂ ಸೇರಿಸಬೇಕೆಂದಿದ್ದೇನೆ. ನಿಮ್ಮ ಆಧಾರ್, ನಿಮ್ಮ ಮನೆಯ ಕ್ರಯಪತ್ರದ ಎಲ್ಲ ಪುಟಗಳು, ಜೊತೆಗೆ ನಿಮ್ಮದೊಂದು ಹೊಸ ಫೋಟೋ ಕಳಿಸಿ. ಶುಕ್ರವಾರ ತಪ್ಪಿದರೆ ವಕೀಲರು ಮತ್ತೆ ಸಿಗುವುದಿಲ್ಲ.

ನಮ್ಮ ಮನೆ ಇಪ್ಪತ್ತು-ಮೂವತ್ತರ ಸೈಟಿನಲ್ಲಿದೆ. ಯಜಮಾನರು ಓವರ್‌ಟೈಮ್ ಮಾಡಿ ಮಾಡಿ ಕಟ್ಟಿಸಿದ್ದು. ಮನೆಯ ಪತ್ರಗಳನ್ನು ಟ್ರಂಕಿನಿಂದ ತೆಗೆಯುವಾಗ ಬೀಗದ ಕೀ ಎರಡು ಸಲ ಕೆಳಗೆ ಬಿತ್ತು. ಅದು ಸಂತೋಷಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಂಗಳವಾರ ಬೆಳಿಗ್ಗೆ ಸ್ಟುಡಿಯೋಗೆ ಹೋದೆ. ಸ್ಕ್ಯಾನ್ ಮಾಡಿಕೊಡುವವರೂ ಅವರೇ ತಾನೆ.

“ಇವಿಷ್ಟೂ ಸ್ಕ್ಯಾನ್ ಆಗಬೇಕು ಸಾರ್. ಒಂದು ಫೋಟೋನೂ ತೆಗೀರಿ. ಬ್ಯಾಂಕಿಗೆ.”

ಸ್ಟೂಲಿನ ಮೇಲೆ ಕೂತೆ. ಅವರ ಬೆರಳು ಗಾಳಿಯಲ್ಲಿ ಎದ್ದವು. ಗದ್ದ ಎದ್ದಿತು. ಒಂದು ಕ್ಲಿಕ್ ಆದ ಮೇಲೆ ಅವರು ಕ್ಯಾಮೆರಾ ಇಳಿಸಿ ನನ್ನನ್ನೇ ನೋಡಿದರು.

“ಬ್ಯಾಂಕಿಗೆ ಯಾರೂ ಇಂಗ್ ನಗಾಕಿಲ್ಲ, ಮೇಡಮ್ಮ.”

“ಏನ್ ಸಾರ್ ನೀವು!”

“ನಲ್ವತ್ತು ವರ್ಸದಿಂದ ನಗೋರ್ ಪೋಟೋ ತೆಗೀತಿವ್ನಿ. ಬ್ಯಾಂಕಿಗೊಂದು ಮಕ ಇರ್ತದೆ, ಪಾಸ್‌ಪೋರ್ಟಿಗೊಂದು ಇರ್ತದೆ. ಇದು ಗಂಡಿನ ಮನೆಗೆ ಕಳ್ಸೋ ಪೋಟೋದ ಮಕ.”

ನನ್ನ ಕಿವಿ ಬಿಸಿಯಾಯಿತು. ಎದ್ದು ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಮೂರು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಸಾಕಾಗಿತ್ತು. ಫೋನು ತೆಗೆದು ತೋರಿಸಿದೆ.

ಅವರು ಕನ್ನಡಕ ಹಣೆಗೇರಿಸಿ, ಫೋಟೋವನ್ನು ಎರಡು ಬೆರಳಿನಿಂದ ಅಗಲಿಸಿ, ಬಹಳ ಹೊತ್ತು ನೋಡಿದರು. ಮುಖ ನೋಡುತ್ತಿರಲಿಲ್ಲ, ಎಲ್ಲೋ ಕೆಳಗೆ ನೋಡುತ್ತಿದ್ದರು. ಆಚೆ ರೈಲು ಹೋಯಿತು. ಪರದೆ ನಡುಗಿ ನಿಂತಿತು.

“ಚೆನ್ನಾಗವ್ರೆ” ಎಂದರು ಕೊನೆಗೆ. “ಈ ಪೋಟೋ ನಂಗೂ ಕಳ್ಸಿ. ಸ್ಕ್ಯಾನರ್ ಕೆಟ್ಟೋಗೈತೆ. ನಾಳಿಕ್ ಬನ್ನಿ.”

ಬುಧವಾರ ಶಟರ್ ಅರ್ಧಕ್ಕೆ ಇಳಿದಿತ್ತು. ಒಳಗೆ ಕಂಪ್ಯೂಟರಿನ ಬೆಳಕು ಕಾಣುತ್ತಿತ್ತು, ಕರೆದರೆ ಅವರ ಮಗಳು ಬಗ್ಗಿ ಇಣುಕಿ, “ಅಪ್ಪ ಏನೋ ಹಳೇ ಫೈಲ್ ಹುಡುಕ್ತಾ ಇದಾರೆ ಆಂಟಿ, ಊಟಕ್ಕೂ ಎದ್ದಿಲ್ಲ. ನಾಳೆ ಬನ್ನಿ” ಎಂದಳು. ಮನೆಗೆ ಬಂದರೆ ಕ್ಯಾಪ್ಟನ್ ಸಂದೇಶ: ನನ್ನ ಮೇಲೆ ನಂಬಿಕೆ ಇಲ್ಲವೆ? ನಾನು ತಡವಾದದ್ದಕ್ಕೆ ಮೂರು ಸಲ ಸಾರಿ ಕೇಳಿದೆ. ಅಂದು ಹಾಲು ಉಕ್ಕಿಸಿದೆ, ಗ್ಯಾಸ್ ಆರಿಸುವುದನ್ನು ಮರೆತೆ, ಕ್ರಯಪತ್ರದ ಪುಟಗಳನ್ನು ಹನ್ನೊಂದು ಸಲ ಜೋಡಿಸಿದೆ.

ಗುರುವಾರ ಸಿಟ್ಟಿನಿಂದಲೇ ಹೋದೆ. “ನಿಮಗೆ ಆಗದಿದ್ದರೆ ಹೇಳಿಬಿಡಿ ಸಾರ್. ಮೇನ್ ರೋಡಿನಲ್ಲಿ ನಾಲ್ಕು ಝೆರಾಕ್ಸ್ ಅಂಗಡಿ ಇವೆ.”

ಅವರು ಬಾಗಿಲ ಹಿಂದಿನಿಂದ ಕೋಟನ್ನು ತಂದು ಕೌಂಟರಿನ ಮೇಲೆ ಹರವಿದರು. ಪಕ್ಕದಲ್ಲಿ ಕ್ಯಾಪ್ಟನ್ ಫೋಟೋ ತೆರೆದಿದ್ದ ಫೋನು ಇಟ್ಟರು. ಎರಡನೆಯ ಗುಂಡಿಯ ಮೇಲೆ ಕಂದು ಬೆರಳಿಟ್ಟರು. ಕಪ್ಪು ಗುಂಡಿ, ಬಿಳಿ ದಾರ. ಆಮೇಲೆ ಅದೇ ಬೆರಳು ಫೋನಿನ ಮೇಲೆ. ಕಪ್ಪು ಗುಂಡಿ, ಬಿಳಿ ದಾರ.

ಹತ್ತಾರು ಸಲ ಆ ಕೋಟಿನ ಕೆಳಗೆ ಕೂತು ಎದ್ದವಳು ನಾನು. ಮೂರು ತಿಂಗಳು ಆ ಫೋಟೋ ನೋಡಿದವಳು. ಕಂಡಿರಲೇ ಇಲ್ಲ.

“ಬಟನ್ ಮೊನ್ನೆ ಮಂಗ್ಳಾರನೇ ಕಂಡ್ತು” ಎಂದರು. “ಆದ್ರೆ ಕೋಟ್ ನಂದಾದ ಮಾತ್ರಕ್ಕೆ ಮನ್ಸ ಸುಳ್ಳಾಗಾಕಿಲ್ವಲ್ಲ. ಮಕ ಸಿಗೋಗಂಟ ಯೋಳ್ಬಾರ್ದು ಅಂತ ಸುಮ್ಕಿದ್ದೆ. ತಪ್ಪು ಯೋಳಿದ್ರೆ ಒಂದು ಮನೆ ಆಗೋದು ನಿಂತೋಯ್ತದೆ.”

ಕಂಪ್ಯೂಟರಿನಲ್ಲಿ ಇನ್ನೊಂದು ಫೋಟೋ ತೆರೆದರು. ಅದೇ ಅಗಲ ಹಣೆ, ಅದೇ ತಬ್ಬಿಬ್ಬಾದ ನಗು, ಮೈಮೇಲೆ ಗೀರುಗೀರಿನ ಬುಶ್‌ಶರ್ಟ್. ಪೀಣ್ಯ ಎರಡನೇ ಹಂತದ ಫೌಂಡ್ರಿಯೊಂದರ ಫೋರ್‌ಮನ್. ತೀರಿಕೊಂಡು ಮೂರು ವರ್ಷ. ಹಾರ ಹಾಕುವ ಫೋಟೋಗೆಂದು ಇವರೇ ಕೋಟು ತೊಡಿಸಿದ್ದರು. ಕೆಲಸ ಚೆನ್ನಾಗಿ ಬಂತೆಂದು ಮಗಳು ಅದನ್ನು ಸ್ಯಾಂಪಲ್ ಅಂತ ಸ್ಟುಡಿಯೋದ ಫೇಸ್‌ಬುಕ್ ಪುಟಕ್ಕೆ ಹಾಕಿದ್ದಳು. ಅಲ್ಲಿಂದ ಯಾರೋ ಎತ್ತಿಕೊಂಡಿದ್ದರು.

“ಆ ಕಳ್ನಿಗೆ ಬಟ್ಟೆ ತೊಡ್ಸಿ ಕಳ್ಸಿದೋನು ನಾನೇ, ಮೇಡಮ್ಮ.” ಅವರ ಕಣ್ಣು ಕೆಂಪಾಗಿದ್ದವು.

ನಂಬಬೇಕಿತ್ತು. ಆದರೆ ಮನಸ್ಸು ಎಂಥ ಸ್ಟಬರ್ನ್ ವಸ್ತು! “ಫೋಟೋ ಬೇರೆಯವರದು ಹಾಕಿರಬಹುದು. ನಾಚಿಕೆ ಸ್ವಭಾವ ಇರಬಹುದು. ಬರೆಯೋ ಮನುಷ್ಯ ನಿಜ ಇರಬಹುದಲ್ಲ?” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಅವರು ನಗಲಿಲ್ಲ. “ಇರ್ಬೋದು. ಅದ್ಕೇ ಒಂದ್ ಕೆಲ್ಸ ಮಾಡಿ. ಎಡಗೈಲಿ ಇವತ್ತಿನ ಪೇಪರ್ ಇಡ್ಕಂಡು, ಗದ್ದ ಒಸಿ ಮೇಲೆತ್ತಿ, ಒಂದು ಪೋಟೋ ಕಳ್ಸಿ ಅನ್ನಿ. ಮಕ ಎಂಗಾರ ಇರ್ಲಿ, ಕುರೂಪಾನೇ ಇರ್ಲಿ. ಬದ್ಕಿರೋ ಮನ್ಸಂಗೆ ಅದೇನ್ ಕಷ್ಟಾನಾ? ಕಳ್ಸುದ್ರೆ ನಾನೇ ಸ್ಕ್ಯಾನ್ ಮಾಡ್ಕೊಡ್ತೀನಿ.”

ಸಂಜೆ ನಾಲ್ಕಕ್ಕೆ ಕೇಳಿ ಬರೆದೆ. ಕಳಿಸುವ ಮುನ್ನ, ಕನ್ನಡಿಗೆ ಹೆದರುವವರಿಗೆ ಹೇಳುವ ಹಾಗೆ, ನೀವು ಹೇಗಿದ್ದರೂ ನನಗೆ ಬೇಸರವಿಲ್ಲ ಎಂದೂ ಸೇರಿಸಿದೆ. ಕ್ಯಾಮೆರಾ ಕೆಟ್ಟಿದೆ ಎಂದು ಉತ್ತರ ಬಂತು. ಪಕ್ಕದವರ ಫೋನಿನಲ್ಲಿ ತೆಗೆಸಿ ಎಂದೆ. ಜ್ವರ ಎಂದರು. ಜ್ವರದಲ್ಲೇ ತೆಗೆಸಿ, ಐ ಡೋಂಟ್ ಮೈಂಡ್ ಎಂದೆ. ಅಲ್ಲಿಗೆ ಮೌನ. ಫೋನನ್ನು ಡಬ್ಬದ ಹಿಂದೆ ಇಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತೆ. ಶುಕ್ರವಾರ ಬೆಳಿಗ್ಗೆ, ಪೀಣ್ಯದ ಮೊದಲ ಶಿಫ್ಟಿನ ಸೈರನ್ ಆಗುವ ಹೊತ್ತಿಗೆ, ಒಂದು ಸಾಲು ಬಂತು. ಈ ವಯಸ್ಸಿನಲ್ಲಿ ನಿನ್ನ ಕಡೆ ಒಬ್ಬ ತಿರುಗಿ ನೋಡಿದ್ದಕ್ಕೆ ಕೃತಜ್ಞಳಾಗಿರಬೇಕು, ಎಂಬ ಅರ್ಥದ್ದು. ಎಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ! ಓದಿ ಮುಗಿಸುವಷ್ಟರಲ್ಲಿ ಆ ಜಾಹೀರಾತೂ ಇಲ್ಲ, ಆ ಮನುಷ್ಯನೂ ಇಲ್ಲ.

ಸ್ಟುಡಿಯೋಗೆ ಹೋಗಿ ಆ ಸಾಲನ್ನು ತೋರಿಸಿದೆ. ಏನು ಬರೆದಿದೆ ಎಂದು ಅವರು ಕೇಳಲಿಲ್ಲ. ಮಗಳಿಗೆ ಕಾಫಿ ತರಲು ಹೇಳಿದರು. ಲೋಟ ನನ್ನ ಕಡೆ ಸರಿಸಿ, “ಸ್ಕ್ಯಾನರ್ ಸರಿಯಾಯ್ತು ಮೇಡಮ್ಮ” ಎಂದರು. ಆಗ ನನಗೆ ಅಳು ಬಂತು, ಜೊತೆಗೇ ನಗುವೂ.

ಆ ಭಾನುವಾರ ಅವರು ಬಿಳಿ ಪಂಚೆಯುಟ್ಟು, “ಆಯಮ್ಮಂಗೆ ಯೋಳ್ಬೇಕು, ನೀವೂ ಬನ್ನಿ, ನಂಗೊಬ್ನಿಗೇ ಧೈರ್ಯ ಸಾಲ್ದು” ಎಂದರು. ಫೋರ್‌ಮನ್‌ರ ಹೆಂಡತಿಯ ಮನೆಗೆ. ಅಲ್ಲಿ ಗೋಡೆಯ ಮೇಲೆ ಹಾರ ಹಾಕಿಕೊಂಡು, ನೀಲಿ ಕೋಟಿನಲ್ಲಿ, ನನ್ನ ಕ್ಯಾಪ್ಟನ್. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸ್ಟುಡಿಯೋ ಸಾರ್ ನಿಂತುಕೊಂಡೇ, ತಪ್ಪು ಮಾಡಿದವರ ಹಾಗೆ ಕೈಕಟ್ಟಿ, ಎಲ್ಲ ಹೇಳಿದರು. ಬೈಗುಳಕ್ಕೆ ಕಾಯುತ್ತಿದ್ದೆವು. ಆಕೆ ನನ್ನ ಕಡೆ ತಿರುಗಿದರು.

“ಏನಂತ ಬರೀತಿದ್ರು ಅಕ್ಕ?”

“ಯಾರು?”

“ಇವ್ರು.” ಗೋಡೆಯ ಕಡೆ ತೋರಿಸಿದರು. ಆಮೇಲೆ ತಾವೇ ತಿದ್ದಿಕೊಂಡು, “ಅದೇ, ಆ ಕಳ್ಳ.”

ಹೇಳಿದೆ. ಕಡಲ ದಂಡೆಯಲ್ಲಿ ವಾಕಿಂಗ್, ಅಡುಗೆ ಏನು ಅಂತ ಕೇಳುವುದು, ಮೊಣಕಾಲು ನೋವು ವಿಚಾರಿಸುವುದು. ಆಕೆ ಸೆರಗು ಬಾಯಿಗೊತ್ತಿಕೊಂಡು ನಕ್ಕುಬಿಟ್ಟರು. “ಸಮುದ್ರಾನಾ! ನಮ್ ಮನುಷ್ಯ ಕೆರೆ ಏರಿ ಮೇಲೆ ನಡಿಯಕ್ಕೂ ಹೆದ್ರೋರು. ಮೂವತ್ತೆರಡು ವರ್ಷದಲ್ಲಿ ಮೊಣಕಾಲು ಅನ್ನೋದು ನಂಗಿದೆ ಅಂತಾನೇ ಗೊತ್ತಿರ್ಲಿಲ್ಲ ಅವ್ರಿಗೆ.” ನಗು ನಿಂತ ಮೇಲೆ ಮೆಲ್ಲಗೆ, “ಕೋಟ್ ತೆಗೆದು ಆ ಗೀರಿನ ಶರ್ಟೇ ಹಾಕ್ಕೊಡಿ ಅಣ್ಣ. ಅದ್ರಲ್ಲೇ ಇರ್ಲಿ” ಎಂದರು. ಮರುದಿನವೇ ಆ ಫೋಟೋ ಬದಲಾಯಿತು. ಸ್ಟುಡಿಯೋದ ಪುಟದಲ್ಲಿದ್ದ ಮುಖಗಳನ್ನೆಲ್ಲ ತೆಗೆಸಿಹಾಕಿದರು.

ಆಮೇಲಿನ ದಿನಗಳಲ್ಲಿ ಸುದ್ದಿ ಹೇಗೆ ಹಬ್ಬಿತೋ, ಜನ ಫೋನು ಹಿಡಿದು ಬರತೊಡಗಿದರು. ಗಾರ್ಮೆಂಟ್ಸಿನ ಹುಡುಗಿಯರು, ನರ್ಸುಗಳು, ನಲವತ್ತಾದರೂ ಹೆಣ್ಣು ಸಿಗದ ಮೆಷಿನ್ ಆಪರೇಟರುಗಳು. “ಅಂಕಲ್, ಒಂಚೂರು ನೋಡಿ, ಈ ಪಾರ್ಟಿ ನಿಜಾನಾ?” ಅವರು ಫೋಟೋ ನೋಡುವರು, ನಾನು ಪಕ್ಕದ ಬೆಂಚಿನಲ್ಲಿ ಕೂತು ಇಂಗ್ಲಿಷ್ ಓದುವೆ. ವಾಟ್ ಎ ಟೀಮ್! “ಮಕ ಕೊನೇಗ್ ನೋಡವ್ವ, ಮೊದ್ಲು ಹಿಂದ್ಗಡೆ ನೋಡು” ಎಂದು ಹೇಳಿಕೊಡುವರು. “ಸ್ವಿಚ್ ಬೋರ್ಡ್ ನಮ್ದೇನಾ? ಕಿಟಕಿಯಾಚೆ ಮರ ನಮ್ಮೂರ್ದಾ? ಹಾಸನ ಅಂತಾನೆ, ಬೀದೀಲಿ ಬೋರ್ಡ್ ಯಾವ್ ಭಾಷೆ?” ನನ್ನ ಪಾಲಿನದು ಇನ್ನೂ ಸುಲಭ: ಎರಡನೇ ದಿನಕ್ಕೇ ನೀನೇ ನನ್ನ ಪ್ರಾಣ ಅನ್ನುವವನು, ಎಂಟನೇ ದಿನಕ್ಕೆ ಗಡುವು ಕೊಡುವವನು. ಒಬ್ಬಳಿಗೆ ಮಿಲಿಟರಿ ಆಫೀಸರ್ ಒಬ್ಬ ಸಿಕ್ಕಿದ್ದ. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಅಕ್ಷರಗಳು ಎಡಬಲ ಉಲ್ಟಾ ಇದ್ದವು. “ಇವ್ನು ಕನ್ನಡಿ ಒಳ್ಗಡೆ ಡ್ಯೂಟಿ ಮಾಡ್ತಾವ್ನೆ” ಎಂದರು. ಅತ್ತುಕೊಂಡು ಬಂದವಳು ನಕ್ಕುಕೊಂಡು ಹೋದಳು.

ಆದರೂ ಯಾರಿಗೂ ಅವರು ಸುಳ್ಳು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. “ಪೇಪರ್ ಇಡ್ಕಂಡು ಕಳ್ಸು ಅನ್ನು” ಎನ್ನುವರು. ಹೇಗೆ ಹಿಡಿಯಬೇಕೆಂದು ತಾವೇ ಸ್ಟೂಲಿನ ಮೇಲೆ ಕೂತು ತೋರಿಸುವರು. ಎಡಗೈಯಲ್ಲಿ ಅಂದಿನ ಪೇಪರ್, ಬೆನ್ನು ನೇರ, ಗದ್ದ ಒಸಿ ಮೇಲೆ. ಲೋಹಕ್ಕೆ ಪ್ಲೇಟಿಂಗ್ ಹಾಕುವ ಕೆಲಸದವನೊಬ್ಬ ಮಾತ್ರ ಅದೇ ದಿನ, ಪೇಪರನ್ನು ತಲೆಕೆಳಗಾಗಿ ಹಿಡಿದು, ಬೆವರುತ್ತ ಫೋಟೋ ಕಳಿಸಿದ್ದ. ನಿಜದ ಮನುಷ್ಯ. ಆ ಮದುವೆಗೆ ನಾವಿಬ್ಬರೂ ಹೋಗಿ ಉಂಡು ಬಂದೆವು.

ನನ್ನ ಭಯ ಮಾತ್ರ ಅಲ್ಲಿಗೆ ಮುಗಿದಿರಲಿಲ್ಲ. ಹಸಿರು ಸೀರೆಯ ನನ್ನ ಫೋಟೋ ಆ ಕಳ್ಳನ ಹತ್ತಿರವೇ ಉಳಿದಿತ್ತಲ್ಲ. ಸತ್ತ ಫೋರ್‌ಮನ್ ಕ್ಯಾಪ್ಟನ್ ಆದ ಹಾಗೆ, ನಾನು ಎಲ್ಲಿ ಯಾರಾಗಿ ಕೂತಿದ್ದೇನೋ. ಯಾವ ಒಂಟಿ ಮುದುಕ ನನ್ನ ನಗು ನೋಡಿ ಮನೆಯ ಪತ್ರಗಳನ್ನು ಟ್ರಂಕಿನಿಂದ ತೆಗೆಯುತ್ತಿದ್ದಾನೋ. ಒಮ್ಮೆ ಈ ಮಾತನ್ನು ಅವರ ಮುಂದೆ ಆಡಿಬಿಟ್ಟೆ. ಅಂದಿನಿಂದ ಪ್ರತಿ ಭಾನುವಾರ ಅವರು ಮಗಳು ಹೇಳಿಕೊಟ್ಟಂತೆ ನನ್ನ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಇಂಟರ್ನೆಟ್ಟಿನಲ್ಲಿ ಅದೇ ಮುಖ ಎಲ್ಲಾದರೂ ಇದೆಯೇ ಎಂದು ಲೋಕವಿಡೀ ಹುಡುಕುವರು. ನಂತರ ಫೋನು ಮಾಡಿ ಎರಡೇ ಪದ: “ಎಲ್ಲೂ ಇಲ್ಲ.” ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. ಒಂದು ಭಾನುವಾರವೂ ತಪ್ಪಿಸಲಿಲ್ಲ. ಊರಹಬ್ಬದ ದಿನ ಕೂಡ ತಮಟೆ ಸದ್ದಿನ ನಡುವೆ ಕೂಗಿ ಹೇಳಿದ್ದರು.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಭಾನುವಾರ ಫೋನು ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ನಾನು ಚಪ್ಪಲಿ ಹಾಕಿಕೊಳ್ಳುವ ಮುಂಚೆಯೇ ನನಗೆ ಗೊತ್ತಾಗಿತ್ತು ಅನ್ನಿಸುತ್ತದೆ. ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದವರು ಮತ್ತೆ ಏಳಲಿಲ್ಲವಂತೆ.

ಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಳು. “ಅಪ್ಪ ಒಬ್ರೇ ಇರೋ ಫೋಟೋ ಒಂದೂ ಇಲ್ಲ ಆಂಟಿ. ಬರೀ ಬೇರೆಯವ್ರದೇ ತೆಗೆದಿದಾರೆ.”

ನನ್ನ ಫೋನಿನಲ್ಲಿ ಒಂದಿತ್ತು. ಯಾವುದೋ ಹುಡುಗಿಗೆ ತೋರಿಸಿಕೊಡುವಾಗ ಸುಮ್ಮನೆ ಕ್ಲಿಕ್ಕಿಸಿದ್ದೆ. ಸ್ಟೂಲ್, ನೀಲಿ ಪರದೆ, ಎಡಗೈಯಲ್ಲಿ ಪೇಪರ್, ಗದ್ದ ಮೇಲೆ. ಅವಳು ಅದನ್ನು ದೊಡ್ಡದು ಮಾಡಿದಳು. ಅಭ್ಯಾಸಬಲದಿಂದ ಕೈ ಮೌಸಿನ ಮೇಲೆ ಹೋಯಿತು. “ಪೇಪರ್ ತೆಗೆದು ಕೋಟ್ ಹಾಕ್ಲಾ?”

“ಬೇಡಮ್ಮ” ಎಂದೆ. “ಪೇಪರ್ ಇರಲಿ.”

ಈಗ ಸ್ಟುಡಿಯೋದ ಗೋಡೆಯ ಮೇಲೆ ಹಾಗೆಯೇ ಇದ್ದಾರೆ. ಹೊಸಬರು ನೋಡಿ ನಗುತ್ತಾರೆ, ಹಾರ ಹಾಕಿಸಿಕೊಂಡ ಮನುಷ್ಯ ಪೇಪರ್ ಹಿಡಿದು ಕೂತಿದ್ದಾರಲ್ಲ ಎಂದು. ಹತ್ತಿರ ಹೋದರೆ ಪೇಪರಿನ ತಾರೀಖು ಓದಬಹುದು.

ಭಾನುವಾರದ ಕೆಲಸವನ್ನು ಈಗ ನಾನೇ ಮಾಡುತ್ತೇನೆ. ಮಗಳು ಮಾಡಿಕೊಡುತ್ತೇನೆ ಎಂದಿದ್ದಳು, ಬೇಡವೆಂದೆ. ಹಸಿರು ಸೀರೆಯ ಫೋಟೋವನ್ನು ಹಾಕಿ ಬಟನ್ ಒತ್ತುತ್ತೇನೆ. ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗಲು ತೊಡಗುತ್ತದೆ. ಅದು ನಿಲ್ಲುವವರೆಗೂ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಮತ್ತು ನನ್ನ ಗದ್ದ, ಕೆಳಗೆ ಯಾರ ಬೆರಳೂ ಇಲ್ಲದಿದ್ದರೂ, ಒಸಿ ಮೇಲೆ ಏಳುತ್ತದೆ.